ಹುಣಸೆಮರದ ಬಾಣಂತಿಯರು



ಹಬ್ಬ ಎಂದರೆ ಖರ್ಚು. ನಮ್ಮ ಮನೆಯ ಹಿರಿಯರು ಕಲಿಸಿದ ಮೊದಲ ಲೆಕ್ಕ ಇದು. ಗೌರಿಗೆ ಬಾಗಿನ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಯುಗಾದಿಗೆ ಹೊಸ ಬಟ್ಟೆ. ಮನೆಯಿಂದ ಏನಾದರೂ ಹೊರಗೆ ಹೋಗದೆ ಹಬ್ಬ ಆಗುವುದಿಲ್ಲ. ಏನನ್ನೂ ಬಿಟ್ಟುಕೊಡದೆ ಹೋಳಿಗೆ ಉಂಡು ಕೈ ತೊಳೆದರೆ ಅದಕ್ಕೆ ಊಟ ಅನ್ನಬಹುದು, ಹಬ್ಬ ಅನ್ನಲಾಗದು. ಹಕ್ಕಿ ಹಬ್ಬದ ಬಗ್ಗೆ ಮಾತಾಡಿ ಎಂದು ರೇಡಿಯೋದವರು ಕರೆದಾಗ ನನಗೆ ಮೊದಲು ಹೊಳೆದದ್ದು ಈ ಲೆಕ್ಕವೇ. ಹಕ್ಕಿ ಹಬ್ಬದಲ್ಲಿ ಖರ್ಚು ಯಾರದು?

ಕೆಲವು ವರ್ಷಗಳಿಂದ ನಮ್ಮ ರಾಜ್ಯದಲ್ಲಿ ಹಕ್ಕಿ ಹಬ್ಬಗಳು ನಡೆಯುತ್ತಿವೆ. ಅರಣ್ಯ ಇಲಾಖೆಯೇ ಮುಂದೆ ನಿಂತು ರಂಗನತಿಟ್ಟಿನಲ್ಲಿ ಮಾಡಿತು, ಹಂಪಿಯ ಕಡೆ ಮಾಡಿತು, ದಾಂಡೇಲಿಯಲ್ಲಿ ಮಾಡಿತು. ಊರೂರಿನ ಪಕ್ಷಿಪ್ರೇಮಿ ಬಳಗಗಳು ಕೆರೆ ಏರಿಯ ಮೇಲೆ ಶಾಲೆ ಮಕ್ಕಳನ್ನು ಕೂರಿಸಿಕೊಂಡು ಚಿಕ್ಕದಾಗಿ ಮಾಡುವುದೂ ಉಂಟು. ಅಂಥ ಕೆಲವಕ್ಕೆ ನಾನೂ ಹೋಗಿದ್ದೇನೆ. ಚೆನ್ನಾಗಿರುತ್ತವೆ, ಇಲ್ಲವೆನ್ನುವುದಿಲ್ಲ. ಒಮ್ಮೆ ಆರನೆಯ ಕ್ಲಾಸಿನ ಹುಡುಗಿಯೊಬ್ಬಳು ದುರ್ಬೀನಿನಲ್ಲಿ ಮಿಂಚುಳ್ಳಿಯನ್ನು ಕಂಡಳು. ದುರ್ಬೀನು ಕೆಳಗಿಳಿಸಿ ಬರಿಗಣ್ಣಿನಲ್ಲಿ ನೋಡಿದಳು, ಮತ್ತೆ ಏರಿಸಿದಳು, ಮತ್ತೆ ಇಳಿಸಿದಳು. 'ಸಾರ್, ಇದು ನಮ್ಮನೆ ಹಿಂದೆ ತಂತಿ ಮೇಲೆ ಕೂರುತ್ತಲ್ಲ, ಅದೇನಾ?' ಎಂದು ಕೇಳಿದಳು. ಅದೇ ಎಂದೆ. ಅವಳ ಮುಖದಲ್ಲಿ ಆಗ ಕಂಡದ್ದಕ್ಕಾಗಿಯಾದರೂ ಈ ಹಬ್ಬಗಳು ನಡೆಯಬೇಕು.

ಆದರೆ ಅದೇ ಹಬ್ಬದಲ್ಲಿ ಇನ್ನೊಂದನ್ನೂ ಕಂಡೆ. ಕೆರೆಯ ಬದಿಗೇ ಶಾಮಿಯಾನ. ಉದ್ಘಾಟನೆಗೆ ಮೊದಲು ಮೈಕು ಪರೀಕ್ಷೆ ಮಾಡಲು ಯಾರೋ ಸಿನಿಮಾ ಹಾಡು ಹಾಕಿದರು. ಕೆರೆಯಲ್ಲಿದ್ದ ಬಾತುಗಳೆಲ್ಲ ಒಟ್ಟಿಗೆ ಎದ್ದು ಆಚೆ ದಡಕ್ಕೆ ಹೋದವು. ಹಬ್ಬದ ಮನೆಯಿಂದ ಮದುಮಕ್ಕಳೇ ಎದ್ದು ಹೋದಂತಾಯಿತು. ವೇದಿಕೆಯ ಮೇಲೆ ಹಾರ, ಶಾಲು, ಫೋಟೋ. ಆ ಕೆರೆಯಲ್ಲಿ ಮೀನು ಹಿಡಿಯುವವರು, ಆ ದಡದಲ್ಲಿ ಭತ್ತ ಬೆಳೆಯುವವರು ಹಿಂದಿನ ಸಾಲಿನಲ್ಲಿ ಊಟದ ಹೊತ್ತನ್ನು ಕಾಯುತ್ತ ನಿಂತಿದ್ದರು. ಅವರ ಹೆಸರನ್ನು ಯಾರೂ ಮೈಕಿನಲ್ಲಿ ಕರೆಯಲಿಲ್ಲ.

ಖರ್ಚು ಹೊರುವವರನ್ನು ನೋಡಬೇಕೆಂದರೆ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ದೂರವೇನಿಲ್ಲ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಮುಟ್ಟುವ ಮೊದಲು ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದರೆ ಹತ್ತು ಹನ್ನೆರಡು ಕಿಲೋಮೀಟರು. ಕಬ್ಬು, ರಾಗಿ, ಹಿಪ್ಪುನೇರಳೆಯ ನಡುವಿನ ಮಂಡ್ಯ ಸೀಮೆಯ ಊರು. ಮಗ್ಗುಲಲ್ಲಿ ಶಿಂಷಾ ನದಿ. ಬಸ್ಸು ಇಳಿದ ಕೂಡಲೇ ಮೂಗಿಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಕಿವಿಗೆ, ಕೊನೆಗೆ ಕಣ್ಣಿಗೆ. ಊಟದ ಹೊತ್ತಿನಲ್ಲಿ ಕೇಳುತ್ತಿರುವವರು ಕ್ಷಮಿಸಬೇಕು: ಹಳೆಯ ಮೀನಿನ ವಾಸನೆ. ಮೇಲಿನಿಂದ ಮರಿಗಳ ಗಲಾಟೆ, ಕೊಕ್ಕಿಗೆ ಕೊಕ್ಕು ಬಡಿಯುವ ಟಕಟಕ. ಕತ್ತೆತ್ತಿದರೆ ಮನೆಯ ಹಿತ್ತಲಿನ ಹುಣಸೆಮರದ ನೆತ್ತಿಯಲ್ಲಿ ಹೆಜ್ಜಾರ್ಲೆ.

ಹೆಜ್ಜಾರ್ಲೆಯನ್ನು ಹತ್ತಿರದಿಂದ ನೋಡದವರಿಗೆ ಅದರ ಗಾತ್ರ ಹೇಳಿದರೆ ನಂಬಿಕೆ ಬರುವುದಿಲ್ಲ. ತೂಕ ಐದು ಕಿಲೋ ಆಸುಪಾಸು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು ಅಗಲ, ಬಾಗಿಲಿನ ಎತ್ತರವನ್ನು ಮೀರಿಸುತ್ತದೆ. ಬೂದು ಬಿಳಿ ಮೈ, ಮೇಲ್ಗೊಕ್ಕಿನ ಅಂಚಿಗೆ ಚುಕ್ಕೆಗಳು, ಕೆಳಗೆ ಜೋತುಬಿದ್ದ ಚೀಲ. ಆ ಚೀಲ ಮೀನು ಕೂಡಿಡುವ ಡಬ್ಬಿ ಎಂದು ಅನೇಕರು ತಿಳಿದಿದ್ದಾರೆ. ಅದು ಬಲೆ. ನೀರಿನ ಸಮೇತ ಮೀನನ್ನು ಬಾಚಿ, ನೀರು ಚೆಲ್ಲಿ, ಮೀನು ನುಂಗುತ್ತದೆ. ಗೂಡಿಗೆ ಬಂದ ಮೇಲೆ ನುಂಗಿದ್ದನ್ನು ಕಕ್ಕುತ್ತದೆ. ಮರಿ ತನ್ನ ತಲೆಯನ್ನೇ ತಾಯಿಯ ಗಂಟಲಿನೊಳಗೆ ತೂರಿಸಿ ತಿನ್ನುತ್ತದೆ. ಮೊದಲ ಸಲ ನೋಡಿದವರು ತಾಯಿಯೇ ಮರಿಯನ್ನು ನುಂಗುತ್ತಿದೆ ಎಂದು ಹೌಹಾರುತ್ತಾರೆ. ನಾನೂ ಹೌಹಾರಿದ್ದೆ.

ಅದೇ ಮರದ ಇನ್ನೊಂದು ಕೊಂಬೆಯಲ್ಲಿ ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಕಿತ್ತಳೆ ಮುಖ, ಬಾಲದ ಹತ್ತಿರ ಗುಲಾಬಿ ರಂಗು. ಹೆಜ್ಜಾರ್ಲೆಗಳು ಮಳೆಗಾಲ ಮುಗಿಯುತ್ತಿದ್ದಂತೆ, ದೀಪಾವಳಿಯ ಆಚೀಚೆ ಬರಲು ಶುರುಮಾಡುತ್ತವೆ. ಕೊಕ್ಕರೆಗಳು ಸಂಕ್ರಾಂತಿಯ ಆಸುಪಾಸಿಗೆ. ಮೊಟ್ಟೆ, ಮರಿ, ರೆಕ್ಕೆ ಬಲಿಯುವುದು ಎಲ್ಲ ಮುಗಿದು ಮುಂಗಾರು ಮೋಡ ಕಟ್ಟುವ ಹೊತ್ತಿಗೆ ಊರು ಖಾಲಿ.

ಹುಣಸೆಮರ ಎಂದರೆ ನಮ್ಮ ಬಯಲುಸೀಮೆಯ ರೈತನಿಗೆ ವರ್ಷಕ್ಕೊಮ್ಮೆ ಕೈಗೆ ಬರುವ ಇಡಿಗಂಟು. ನೀರು ಕಟ್ಟಬೇಕಿಲ್ಲ, ಔಷಧಿ ಹೊಡೆಯಬೇಕಿಲ್ಲ. ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಹಣ್ಣು ಬಲಿತಿರುತ್ತದೆ. ಮರ ಹತ್ತಿ ಕೊಂಬೆ ಅಲುಗಿಸಿ, ಗಳುವಿನಿಂದ ಬಡಿದು, ಉದುರಿದ್ದನ್ನು ಆಯ್ದು, ಕುಟ್ಟಿ, ಬೀಜ ಬಿಡಿಸಿ ಮಾರಿದರೆ ಮಗಳ ಕಾಲೇಜಿನ ಫೀಸೋ ಸಂಘದ ಸಾಲದ ಕಂತೋ ತೀರುತ್ತದೆ. ಈಗ ತಿಂಗಳುಗಳ ಲೆಕ್ಕ ಹಾಕಿ ನೋಡಿ. ಹಣ್ಣು ಬಡಿಯುವ ಕಾಲವೂ ಗೂಡಿನಲ್ಲಿ ಮರಿ ಇರುವ ಕಾಲವೂ ಒಂದೇ. ಕೊಂಬೆ ಅಲುಗಿಸಿದರೆ ಹಣ್ಣಿನ ಜೊತೆಗೆ ಮರಿಯೂ ಬೀಳುತ್ತದೆ. ಹಾಗಾಗಿ ಹಕ್ಕಿ ಕೂತ ಮರವನ್ನು ಈ ಊರಿನವರು ಹತ್ತುವುದಿಲ್ಲ. ಹಿಕ್ಕೆ ಬಿದ್ದು ಬಿದ್ದು ಎಲೆ ಸುಟ್ಟು, ಫಸಲೂ ಸೊರಗುತ್ತದೆ. ಒಂದು ವರ್ಷ ಎರಡು ವರ್ಷದ ಮಾತಲ್ಲ, ತಲೆಮಾರುಗಳ ಮಾತು.

ಅಂಥ ಒಂದು ಮರದ ಕೆಳಗಿನ ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರನ್ನು ಮಾತಾಡಿಸಿದೆ.

'ಇಷ್ಟು ವಾಸನೇಲಿ ಹೇಗಿರ್ತೀರವ್ವಾ?'

'ಬಾಣಂತಿ ಮನೆ ಅಂದ್ಮೇಲೆ ವಾಸ್ನೆ ಇರಾಕಿಲ್ವಾ ಮಗ? ನಿಮ್ಮನೇಲಿ ಬಾಣಂತಿ ಇದ್ದಾಗ ಊದ್ಬತ್ತಿ ವಾಸ್ನೆ ಬತ್ತಿತ್ತಾ?'

ನಾನು ಸುಮ್ಮನಾದೆ. ಸಾರಿಗೆ ಹುಳಿ ಎಲ್ಲಿಂದ ಎಂದು ಕೇಳಿದೆ.

'ಸಂತೇಲಿ ತತ್ತೀವಿ. ಮಗಳು ಬಾಣಂತನಕ್ಕೆ ಬಂದಾಗ ಮಂಚ ಬುಟ್ಕೊಟ್ಟು ನಾವ್ ಕೆಳ್ಗೆ ಮನೀಕಳಾಕಿಲ್ವಾ, ಅಂಗೇಯ.'

ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬ ಮಾತನ್ನು ಈ ಊರಿನಲ್ಲಿ ಯಾರ ಬಾಯಲ್ಲಾದರೂ ಕೇಳಬಹುದು. ಪತ್ರಿಕೆಯವರು ಬರೆದೂ ಬರೆದೂ ಆ ಮಾತು ಈಗ ಸ್ವಲ್ಪ ಸವೆದಿದೆ. ಆದರೆ ಸ್ವಂತ ಹುಣಸೆಮರದ ಕೆಳಗೆ ಕೂತು ಸಂತೆಯ ಹುಳಿ ಕಿವುಚುವವರು ಹೇಳಿದಾಗ ಅದರ ತೂಕ ಬೇರೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಇದೆ. ಕೆರೆ ತುಂಬಿದ್ದರೆ ಮೀನು, ಮೀನಿದ್ದರೆ ಹಕ್ಕಿ. ಯಾವುದು ಕಾರಣ ಯಾವುದು ಫಲ ಎಂದು ಊರಿನವರೊಂದಿಗೆ ತರ್ಕ ಮಾಡಲು ನಾನು ಹೋಗಲಿಲ್ಲ.

ಪೂರ್ತಿ ನಷ್ಟವೂ ಅಲ್ಲ ಅನ್ನಿ. ರೈತ ಎಲ್ಲಿಯ ರೈತನಾದರೂ ರೈತನೇ. ಮರದ ಬುಡದಲ್ಲಿ ಗುಂಡಿ ತೆಗೆದು, ಕೆರೆಯ ಗೋಡುಮಣ್ಣು ತಂದು ಹರಡುತ್ತಾರೆ. ತಿಂಗಳುಗಟ್ಟಲೆ ಮೇಲಿನಿಂದ ಹಿಕ್ಕೆ ಬಿದ್ದು ಮಣ್ಣಿನೊಂದಿಗೆ ಬೆರೆಯುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಧಾರಾಳ. ಹಕ್ಕಿಗಳು ಹೋದ ಮೇಲೆ ಗುಂಡಿ ತೋಡಿ ಗೊಬ್ಬರವನ್ನು ಹೊಲಕ್ಕೆ ಸಾಗಿಸುತ್ತಾರೆ. ಶಿಂಷೆಯ ಮೀನು, ತೈಲೂರು ಕೆರೆಯ ಮೀನು, ಮದ್ದೂರು ಕೆರೆಯ ಮೀನು ಹೀಗೆ ಸುತ್ತಿ ಬಳಸಿ ರಾಗಿ ತೆನೆಯಾಗುತ್ತದೆ.

ಈ ನಂಟು ಎಷ್ಟು ಹಳೆಯದು? 1864ರಲ್ಲಿ ಅಚ್ಚಾದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಜೆರ್ಡನ್ ಎಂಬ ಇಂಗ್ಲಿಷ್ ವೈದ್ಯ, ಕರ್ನಾಟಿಕ್ ಸೀಮೆಯ ಒಂದು ಹಳ್ಳಿಯ ನಡುವೆಯೇ ಹೆಜ್ಜಾರ್ಲೆಗಳು ಜನರ ಓಡಾಟಕ್ಕೆ ಹೆದರದೆ ಗೂಡು ಕಟ್ಟುವುದನ್ನು ಬರೆದಿದ್ದಾನೆ. ಊರಿನ ಹೆಸರು ಬರೆಯಲಿಲ್ಲ. ನಮ್ಮ ಬೆಳ್ಳೂರಿನವರು ಹೇಳುವ ಕಥೆಯಲ್ಲಿ ಊರು ಮೊದಲು ಹೊಳೆಯ ದಡದಲ್ಲೇ ಇತ್ತು. ಪ್ಲೇಗು ಬಂದ ಕಾಲದಲ್ಲಿ ಜನ ಮನೆಮಠ ಬಿಟ್ಟು ಈಗಿನ ಜಾಗಕ್ಕೆ ಬಂದರು. ಹಕ್ಕಿಗಳೂ ಹಿಂದೆಯೇ ಬಂದವು.

ಹಕ್ಕಿ ಜನರನ್ನು ಹಿಂಬಾಲಿಸಿದ್ದು ಕಟ್ಟುಕಥೆಯಂತೆ ಕೇಳಿಸಬಹುದು. ರಂಗನತಿಟ್ಟನ್ನು ನೆನಪಿಸಿಕೊಂಡರೆ ಅಷ್ಟು ಅಸಂಭವ ಅನ್ನಿಸುವುದಿಲ್ಲ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಸಂಸ್ಥಾನ ಪಕ್ಷಿಧಾಮ ಮಾಡಿದ ಜಾಗ ಅದು. ಅಲ್ಲಿ ಗೂಡುಗಳಿರುವುದು ಕಾವೇರಿಯ ನಡುವಿನ ನಡುಗಡ್ಡೆಗಳಲ್ಲಿ. ಸುತ್ತ ನೀರು, ನೀರಿನಲ್ಲಿ ಮೊಸಳೆ. ಕಾಡುಬೆಕ್ಕಾಗಲಿ ನರಿಯಾಗಲಿ ದಾಟಿ ಬರುವುದು ಸುಲಭವಲ್ಲ. ಬೆಳ್ಳೂರಿನಲ್ಲಿ ಮೊಸಳೆಯ ಕೆಲಸವನ್ನು ಜನ ಮಾಡುತ್ತಿದ್ದಾರೆ. ನಾಯಿ, ಕವಣೆ ಹಿಡಿದ ಹುಡುಗರು, ಕೋವಿಯವರು ಯಾರೇ ಬಂದರೂ ಹಿತ್ತಲಿನಿಂದ ಒಂದು ದನಿ ಏಳುತ್ತದೆ.

ಹೊರಗಿನ ಪ್ರಪಂಚಕ್ಕೆ ಈ ಊರನ್ನು ತೋರಿಸಿದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ. 1976ರಲ್ಲಿ ಅವರು ಇಲ್ಲಿಗೆ ಬಂದು, ಗೂಡುಗಳನ್ನು ಕಂಡು, ಬರೆದರು. ಮುಂದೆ ಬೆಂಗಳೂರಿನ ಬೀದಿಬೀದಿಗೆ ಮರ ನೆಡಿಸಿದವರೂ ಅವರೇ. ಗೂಡು ಕಟ್ಟಿದ ಮರಕ್ಕೆ ಇಷ್ಟು ಎಂದು ಮಾಲೀಕರಿಗೆ ಇಲಾಖೆ ವರ್ಷಕ್ಕೊಮ್ಮೆ ಹಣ ಕೊಡುವ ಏರ್ಪಾಡು ಆಮೇಲೆ ಬಂತು. ಅದನ್ನು ಪರಿಹಾರ ಎನ್ನುತ್ತಾರೆ. ನನಗೆ ಆ ಪದ ಸರಿಕಾಣುವುದಿಲ್ಲ. ಬೆಂಕಿ ಬಿದ್ದರೆ, ಪ್ರವಾಹ ಬಂದರೆ ಕೊಡುವುದು ಪರಿಹಾರ. ಇದು ಬಾಣಂತನದ ಖರ್ಚು. ಮೊತ್ತ ಹುಣಸೆಯ ಧಾರಣೆಯ ಜೊತೆಗೆ ಏರುವುದಿಲ್ಲ ಎಂಬ ದೂರು ಊರಿನಲ್ಲಿದೆ, ಆ ದೂರಿನಲ್ಲಿ ನ್ಯಾಯವೂ ಇದೆ.

1994ರ ಹೊತ್ತಿಗೆ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳು ಇಲ್ಲಿಗೆ ಬಂದು ಊರಿನ ಯುವಕರನ್ನು ಕೂಡಿಸಿಕೊಂಡರು. 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿ ಕಟ್ಟಿದ ಆವರಣದಲ್ಲಿ ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸಗಳಲ್ಲೊಂದು. ಬಿದ್ದ ಮರಿಯನ್ನು ಹೆತ್ತ ಹಕ್ಕಿ ನೆಲಕ್ಕಿಳಿದು ಸಾಕುವುದಿಲ್ಲ. ಕೆಳಗೆ ಬಿದ್ದರೆ ಅದರ ಕಥೆ ಮುಗಿಯಿತು, ಯಾರಾದರೂ ಎತ್ತದಿದ್ದರೆ. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಪಕ್ಷಿಧಾಮವಾದರೆ ಜನ ಹೊರಗಿನವರಾಗುತ್ತಾರೆ. ಸಮುದಾಯ ಮೀಸಲಿನಲ್ಲಿ ಜಾಗವೂ ಜನರದೇ, ಕಾಯುವ ಕೆಲಸವೂ ಜನರದೇ. ರಾಜ್ಯದಲ್ಲಿ ಇಂಥದ್ದು ಇದೇ ಮೊದಲು.

ಎಲ್ಲ ಸುಖವಾಗಿಯೇ ಇದೆ ಎಂದುಕೊಳ್ಳಬೇಡಿ. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬೀಳತೊಡಗಿದವು. ಮರಿಗಳಲ್ಲ, ಬೆಳೆದ ಹಕ್ಕಿಗಳು. ಕೊಯ್ದು ನೋಡಿದರೆ ಹೊಟ್ಟೆಯ ತುಂಬ ದುಂಡುಹುಳ. ಮೀನಿನ ಮೂಲಕ ಬರುವ ಹುಳ. ಮುಂದಿನ ವರ್ಷವೂ ಸಾವು ನಿಲ್ಲದೆ ಹತ್ತಾರು ಹಕ್ಕಿಗಳು ಹೋದವು. ಮರವನ್ನು ಊರಿನವರು ಕಾಯಬಲ್ಲರು, ಮರಿಯನ್ನು ಕಾಯಬಲ್ಲರು. ಹಕ್ಕಿ ಮೈಲುಗಟ್ಟಲೆ ಹಾರಿ ಯಾವ ಕೆರೆಯ ಯಾವ ಮೀನು ತಿಂದು ಬರುತ್ತದೆ ಎಂಬುದನ್ನು ಅವರು ಹೇಗೆ ಕಾಯುವುದು? ತವರಿನವರು ಎಷ್ಟು ಒಳ್ಳೆಯವರಾದರೂ ದಾರಿಯ ಹೋಟೆಲಿನ ಅಡುಗೆ ಅವರ ಕೈಯಲ್ಲಿಲ್ಲ. ನದಿಯ ಮರಳು ತೆಗೆದು, ಕೆರೆಗೆ ಕೊಳಚೆ ಬಿಟ್ಟು, ಹಕ್ಕಿ ಹಬ್ಬದ ದಿನ ಟೋಪಿ ಹಾಕಿಕೊಂಡು ಬರುವವರಲ್ಲಿ ನಾವೂ ಇದ್ದೇವೆ.

ಬಾಣಂತನದ ಮಾತು ನಮ್ಮಲ್ಲಿ ತಾನಾಗಿ ಹುಟ್ಟಿ ಬೆಳೆದದ್ದು. ಅದನ್ನೇ ಬೇಕೆಂದು ಹುಟ್ಟಿಸಿ ಬೆಳೆಸಿದ ಊರುಗಳೂ ಇವೆ. ಅಸ್ಸಾಮಿನ ಕಾಮರೂಪ ಜಿಲ್ಲೆಯ ದಾದರಾ, ಪಚರಿಯಾ ಎಂಬ ಹಳ್ಳಿಗಳ ಕಡೆ ಹರ್ಗಿಲಾ ಎಂಬ ಕೊಕ್ಕರೆ ಜಾತಿಯ ಹಕ್ಕಿ ಇದೆ. ಹೆಸರಿನ ಅರ್ಥ ಎಲುಬು ನುಂಗುವುದು ಎಂದು. ಐದಡಿ ಎತ್ತರ, ಬೋಳು ತಲೆ, ಕೊರಳಿಗೆ ಜೋತುಬಿದ್ದ ಚೀಲ. ಸತ್ತ ಪ್ರಾಣಿ ತಿನ್ನುತ್ತದೆ, ಗುವಾಹಟಿಯ ಕಸದ ರಾಶಿಯ ಮೇಲೆ ನಿಂತಿರುತ್ತದೆ. ಗೂಡಿನಿಂದ ಕೊಳೆತ ಮಾಂಸದ ಚೂರು ಅಂಗಳಕ್ಕೆ ಬೀಳುತ್ತದೆ. ಅಪಶಕುನ ಎಂದು ಜನ ಮರಗಳನ್ನೇ ಕಡಿಯುತ್ತಿದ್ದರು. 2007ರಲ್ಲಿ ಹಾಗೆ ಕಡಿದ ಒಂದು ಮರದ ಜೊತೆ ಒಂಬತ್ತು ಮರಿಗಳು ನೆಲಕ್ಕೆ ಬಿದ್ದದ್ದನ್ನು ಸಂಶೋಧನೆ ಮಾಡುತ್ತಿದ್ದ ಪೂರ್ಣಿಮಾ ದೇವಿ ಬರ್ಮನ್ ಕಂಡರು. ಮರದ ಮಾಲೀಕನಿಗೆ ಹೇಳಲು ಹೋಗಿ ಬೈಸಿಕೊಂಡರು. ಆಮೇಲೆ ಅವರು ತಮ್ಮ ಪಿಎಚ್.ಡಿ.ಯನ್ನು ಪಕ್ಕಕ್ಕಿಟ್ಟು ಹಳ್ಳಿಯ ಹೆಂಗಸರ ಜೊತೆ ಕೂತರು.

ಭಾಷಣ ಮಾಡಲಿಲ್ಲ. ಅಡುಗೆ ಸ್ಪರ್ಧೆ ಇಟ್ಟರು. ಹೆಂಗಸರು ಬಂದರು. ಗೂಡು ಕಟ್ಟುವ ಕಾಲಕ್ಕೆ ಹರ್ಗಿಲಾಗೆ ಸೀಮಂತ ಮಾಡಿದರು. ನಿಜವಾದ ಸೀಮಂತ: ಹಾಡು, ಪೂಜೆ, ಸಿಹಿ ಹಂಚುವುದು, ಬಸುರಿ ಹೆಣ್ಣಿಗೆ ಮಾಡುವುದೆಲ್ಲ. ಮರ ಯಾರದೋ ಆ ಮನೆಯವರಿಗೆ ಸಭೆಯಲ್ಲಿ ಮರ್ಯಾದೆ. ಕೈಮಗ್ಗದ ಗಮೋಸಾ, ಚಾದರಗಳ ಅಂಚಿನಲ್ಲಿ ಹರ್ಗಿಲಾ ಚಿತ್ರ ನೇಯ್ದು ಮಾರತೊಡಗಿದರು. ಬೀಳುವ ಮರಿಗೆ ಮರದ ಕೆಳಗೆ ಬಲೆ ಕಟ್ಟಿದರು. ಆಗ ಆ ಹಳ್ಳಿಗಳಲ್ಲಿ ಮೂವತ್ತರ ಒಳಗಿದ್ದ ಗೂಡುಗಳು ಈಗ ಇನ್ನೂರು ದಾಟಿವೆ. ಪೂರ್ಣಿಮಾ ಅವರಿಗೆ 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಸೀಮಂತದ ಉಪಾಯ. ಮರ ಕಡಿಯಬೇಡ ಎಂದು ಕಾನೂನು ಹೇಳಿದರೆ ರಾತ್ರಿ ಕಡಿಯಬಹುದು. ತನ್ನ ಹೆಂಡತಿಯೇ ಆರತಿ ಎತ್ತಿದ ಬಸುರಿ ಕೂತಿರುವ ಮರಕ್ಕೆ ಕೊಡಲಿ ಹಾಕುವುದು ಹೇಗೆ?

ಇನ್ನೊಂದು ಹಬ್ಬ ತಮಿಳುನಾಡಿನ ಶಿವಗಂಗೆ ಜಿಲ್ಲೆಯದು. ವೇಟ್ಟಂಗುಡಿ ಪಕ್ಷಿಧಾಮದ ಕೆರೆಗಳ ಮಗ್ಗುಲಿನ ಕೊಳ್ಳುಕುಡಿಪಟ್ಟಿಯಲ್ಲಿ ದೀಪಾವಳಿಗೆ ಪಟಾಕಿ ಹೊಡೆಯುವುದಿಲ್ಲ. ಹಿಂಗಾರು ಮಳೆಗೆ ಬಂದ ಹಕ್ಕಿಗಳು ಗೂಡು ಹೂಡುವ ಕಾಲ ಅದು. ದಶಕಗಳಿಂದ ಹೀಗೇ ನಡೆದು ಬಂದಿದೆ. ಅರಣ್ಯ ಇಲಾಖೆಯವರು ಬಂದು ಊರಿನವರಿಗೆ ಸಿಹಿ ಹಂಚುತ್ತಾರೆ. ಪಕ್ಕದ ಊರಿನಲ್ಲಿ ಢಂ ಢಂ ಕೇಳಿಸುತ್ತಿರುವಾಗ ಏಳು ವರ್ಷದ ಹುಡುಗನಿಗೆ ಸುರುಸುರುಬತ್ತಿಯಲ್ಲೇ ಸಮಾಧಾನ ಮಾಡಿಕೋ ಎಂದು ಹೇಳುವ ತಾಯಿಯ ಕಷ್ಟ ಯೋಚಿಸಿ ನೋಡಿ. ಹುಣಸೆಹಣ್ಣು ಬಿಡುವುದಕ್ಕಿಂತ ಅದೇ ಕಷ್ಟವೇನೋ.

ಇವನ್ನೆಲ್ಲ ನೋಡಿದ ಮೇಲೆ, ನಮ್ಮ ಹಕ್ಕಿ ಹಬ್ಬಗಳಿಗೆ ಒಂದೆರಡು ತಿದ್ದುಪಡಿ ಹೇಳಬೇಕೆನಿಸುತ್ತದೆ. ಮೈಕು ಬೇಡ, ಮೊದಲನೆಯದು ಅದು. ವೇದಿಕೆ ಹಾಕಲೇಬೇಕೆಂದರೆ ಆ ಊರಿನಲ್ಲಿ ಗೂಡಿರುವ ಮರಗಳ ಮಾಲೀಕರನ್ನು ಗಂಡ ಹೆಂಡತಿ ಸಮೇತ ಕೂರಿಸಿ ಮಡಿಲು ತುಂಬಲಿ. ಮರಕ್ಕೆ ಕೊಡುವ ಹಣವನ್ನು ಅಂದೇ, ಅಲ್ಲೇ, ಆ ವರ್ಷದ ಹುಣಸೆಯ ಧಾರಣೆ ನೋಡಿ ಕೊಡಲಿ. ಕಚೇರಿಗೆ ಅಲೆಸುವುದು ಬೇಡ. ತೌರಿನವರಿಗೆ ಅರ್ಜಿ ಬರೆಸುವ ಪದ್ಧತಿ ಎಲ್ಲಾದರೂ ಉಂಟೇ? ಮುಪ್ಪಾದ ಮರಗಳ ಪಕ್ಕ ಎಳೆಯ ಆಲ, ಅರಳಿ, ಅತ್ತಿ, ಹುಣಸೆ ನೆಡಲಿ. ಇವತ್ತು ನೆಟ್ಟ ಹುಣಸೆ ಹೆಜ್ಜಾರ್ಲೆಯ ಭಾರ ತಾಳುವಷ್ಟು ಬಲಿಯಲು ಒಂದು ತಲೆಮಾರು ಬೇಕು. ಹಬ್ಬಕ್ಕೆ ಬಂದ ಮಗು ಅಜ್ಜಿಯಾಗುವ ಹೊತ್ತಿಗೆ ಅದರಲ್ಲಿ ಗೂಡು.

ಬೆಳ್ಳೂರಿನ ಆ ಅಜ್ಜಿಗೆ ನಾನು ಹೊರಡುವಾಗ, ಇದನ್ನೆಲ್ಲ ರೇಡಿಯೋದಲ್ಲಿ ಹೇಳುತ್ತೇನೆ ಎಂದೆ.

'ರೇಡಿಯೋದಾಗೆ ಏಳ್ತಿಯಾ? ಅಂಗಾರೆ ಒಂದ್ ಮಾತ್ ಸೇರಿಸ್ಬುಡು ಮಗ. ಬರೋರ್ಗೆಲ್ಲ ಮರದ ಕೆಳ್ಗೆ ಕಾರು ನಿಲ್ಲಿಸ್ಬೇಡಿ ಅನ್ನು.'

'ಬಣ್ಣ ಕೆಡುತ್ತೆ ಅಂತಾನಾ ಅವ್ವಾ?'

'ನಿಮ್ ಕಾರಿನ್ ಬಣ್ಣ ಕಟ್ಕಂಡು ನನ್ಗೇನು? ಕಾರ್ ಮ್ಯಾಲೆ ಬಿದ್ದಿದ್ ಗೊಬ್ರ ಬೆಂಗ್ಳೂರಿಗ್ ಹೋಯ್ತದೆ. ನಮ್ ಗುಂಡಿಗ್ ಬೀಳಾಕಿಲ್ಲ.'